ಅವ್ವನ ಕಿವಿಗೆ ಕಾವಲು

ಪೇಮಾ ಕೆನಡಾದ ರೆಕ್ಸ್‌ಡೇಲಿನ ನಮ್ಮ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದ ಮೊದಲ ವಾರವೇ ನನಗೆ ಅವಳ ಮೇಲೆ ಸಿಟ್ಟು ಬಂತು. ನೀರುದೋಸೆ ಮಾಡಿದ್ದೆ. ಪಕ್ಕಕ್ಕೆ ಕಾಯಿಬೆಲ್ಲ ಹಾಕಿ, ತಟ್ಟೆ ಹಿಡಿದು ಕೆಳಗಿಳಿದೆ. ಬೇಡ ಎಂದಳು. ಟಿಬೆಟಿನವರಲ್ಲಿ ಕೊಟ್ಟ ಕೂಡಲೇ ಕೈಯೊಡ್ಡುವುದು ಮರ್ಯಾದೆಯಲ್ಲ, ಎರಡು ಮೂರು ಸಲ ಬೇಡ ಅನ್ನಬೇಕು ಎಂದು ಆಮೇಲೆ ಯಾರೋ ಹೇಳಿದರು. ಆದರೆ ಪೇಮಾಳ ಬೇಡ ಅಂಥದ್ದಲ್ಲ. ಅವಳು ತಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಅಚ್ಚ ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ ಕೇಳಿದಳು.

"ಇದನ್ನ ಯಾಕ ಕೊಡಾಕತ್ತೀರಿ ಅಕ್ಕಾರ?"

"ಎಂತ ಯಾಕೆ? ದೋಸೆ ಜಾಸ್ತಿ ಆಯ್ತು, ತಂದೆ. ಬೇಡದಿದ್ರೆ ಬಿಡು ಮಾರಾಯ್ತಿ."

ಬಿಟ್ಟಳು. ನಾನು ಮೇಲೆ ಬಂದು ಅಷ್ಟನ್ನೂ ನಾನೇ ತಿಂದೆ.

ಆ ಮುಖಕ್ಕೂ ಆ ಕನ್ನಡಕ್ಕೂ ಹೊಂದಾಣಿಕೆಯಾಗದೆ ಬೆಪ್ಪಾದವರು ಇಲ್ಲಿ ಬಹಳ ಮಂದಿ. ಪೇಮಾ ಹುಟ್ಟಿದ್ದು ಮುಂಡಗೋಡಿನ ಟಿಬೆಟ್ ಕ್ಯಾಂಪಿನಲ್ಲಿ. ದೇಶ ಬಿಟ್ಟು ಓಡಿಬಂದ ಅಪ್ಪ ಅವ್ವನಿಗೆ ಅಲ್ಲಿ ಸರಕಾರ ಕಾಡಿನಂಚಿನ ಜಮೀನು ಕೊಟ್ಟಿತ್ತು. ಮಳೆಗಾಲಕ್ಕೆ ಗೋವಿನಜೋಳ, ಚಳಿಗಾಲಕ್ಕೆ ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಸ್ವೆಟರ್ ವ್ಯಾಪಾರ. ಅವ್ವ ಯಾಂಗ್‌ಚೆನ್ ಕೂಗಿ ಕರೆದು ಮಾರುವವಳು, ಪೇಮಾ ಮಡಿಚಿಡುವವಳು. ಈಗ ಪೇಮಾ ವುಡ್‌ಬ್ರಿಡ್ಜಿನ ಒಂದು ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ, ಉಣ್ಣಿಸುವ ಕೆಲಸದಲ್ಲಿದ್ದಾಳೆ. ಗಂಡ ತೀರಿಕೊಂಡಿದ್ದಾನೆ. ಮಕ್ಕಳಿಲ್ಲ. ಜೊತೆಗಿದ್ದವಳು ಅವ್ವ ಒಬ್ಬಳೇ.

ಅನುಮಾನ ಅವಳಿಗೆ ಉಸಿರಾಟವಿದ್ದ ಹಾಗೆ. ಬಸ್ ಸ್ಟಾಪಿನಲ್ಲಿ ಯಾರಾದರೂ ನಕ್ಕರೆ ಬ್ಯಾಗು ಮುಟ್ಟಿ ನೋಡಿಕೊಳ್ಳುತ್ತಾಳೆ. ಬಾಗಿಲ ಬಳಿ 'ಉಚಿತ ಊಟ, ಉಚಿತ ಇಂಗ್ಲಿಷ್ ಕ್ಲಾಸು' ಎಂಬ ಚೀಟಿ ಬಿದ್ದರೆ ತಿರುವಿ, ಹಿಂದೆ ಯಾವ ಚರ್ಚಿನ ಹೆಸರಿದೆ ಎಂದು ನೋಡುತ್ತಾಳೆ. ಒಂದು ಚಳಿಗಾಲದಲ್ಲಿ ಯಾರೋ ಹಂಚಿದ ದಪ್ಪ ಕೋಟೊಂದನ್ನು ಅವ್ವನಿಗೆಂದು ತಂದಿದ್ದಳು. ತೊಡಿಸುವ ಮೊದಲು ಒಳಗಿನ ಜೇಬು, ಹೊರಗಿನ ಜೇಬು, ಹೊಲಿಗೆ ಬಿಚ್ಚಿದ ಅಸ್ತರು ಎಲ್ಲವನ್ನೂ ತಡಕಿದಳು.

"ಎಂತ ಹುಡುಕ್ತಿ?" ಎಂದೆ.

"ಯೇಸುವಿನ ಚೀಟಿ ಇರ್ತೈತ್ರೀ ಒಮ್ಮೊಮ್ಮಿ. ಪುಕ್ಕಟ ಕೊಡೋರ ಹಿಂದ ಏನರ ಇದ್ದ ಇರ್ತೈತಿ."

ಪಾದ್ರಿಗಳ ಮೇಲಿನ ಈ ಅನುಮಾನ ಅವಳಿಗೆ ಅಜ್ಜನಿಂದ ಬಂದ ಆಸ್ತಿ. ಅಜ್ಜನ ಊರು ಟಿಬೆಟಿನ ಗಡಿಗೆ ಹತ್ತಿರ. ಅಲ್ಲಿಗೆ ಒಬ್ಬ ಬಿಳಿ ಪಾದ್ರಿ ಬಂದು ವರ್ಷಗಟ್ಟಲೆ ಉಳಿದನಂತೆ. ಭಾಷೆ ಕಲಿತ, ಹಲ್ಲುನೋವಿಗೆ ಮದ್ದು ಕೊಟ್ಟ, ಬಟಾಟೆ ಬೆಳೆಯಲು ತೋರಿಸಿದ. ಕೊನೆಗೆ ಅವರದೇ ಲಿಪಿಯಲ್ಲಿ ಅಚ್ಚು ಹಾಕಿಸಿದ ತನ್ನ ಪುಸ್ತಕವನ್ನು ಮನೆಮನೆಗೆ ಹಂಚಿದ. ಜನ ಎರಡು ಕೈಯಲ್ಲಿ ತೆಗೆದುಕೊಂಡು, ತಲೆಗೆ ಮುಟ್ಟಿಸಿಕೊಂಡು, ಬುದ್ಧನ ಪಕ್ಕದಲ್ಲೇ ಎತ್ತರದಲ್ಲಿಟ್ಟು ದೀಪ ಹಚ್ಚಿದರು. ಧರ್ಮದ ಅಕ್ಷರ ಯಾರದ್ದಾದರೂ ನೆಲಕ್ಕಿಡಬಾರದೆಂಬುದು ಅವರ ಪದ್ಧತಿ. ಪಾದ್ರಿ ಅದನ್ನು ನೋಡಿ ಊರಿಗೆ ಊರೇ ತನ್ನ ಕಡೆ ಬಂತೆಂದು ಹಿಗ್ಗಿಹೋದ. ಒಂದು ಮನೆಯಲ್ಲೂ ಪುಸ್ತಕ ಬಿಚ್ಚಿರಲಿಲ್ಲ.

"ಗೊತ್ತಾದ ಮ್ಯಾಲ ಅತ್ತನಂತ ಪಾಪ. ನಮ್ಮಜ್ಜ ಕರಳು ಚುರ್ ಅಂದು ಒಂದು ಕುರಿ ಕೊಟ್ಟ ಕಳಿಸಿದನಂತ," ಎಂದು ನಕ್ಕ ಪೇಮಾ ಅಲ್ಲಿಗೇ ನಗು ನಿಲ್ಲಿಸಿದಳು. "ಆಮ್ಯಾಲ ಪಾದ್ರಿಗೋಳೂ ಶಾಣ್ಯಾ ಆದ್ರು. ದೊಡ್ಡೋರನ್ನ ಬಿಟ್ಟು ಸಣ್ಣ ಹುಡುಗರನ್ನ ಹಿಡದ್ರು."

ಸಣ್ಣ ಹುಡುಗರು ಅಂದರೆ ಅವಳ ತಂಗಿ ಲ್ಹಾಮೊ. ಕ್ಯಾಂಪಿನಲ್ಲಿ ಮಕ್ಕಳ ಓದಿಗೆ ವಿದೇಶದ ದಾನಿಗಳು ಹಣ ಕಟ್ಟುತ್ತಿದ್ದ ಕಾಲ. ಲ್ಹಾಮೊಳ ಪಾಲಿಗೆ ಬಂದವರು ಒಂದು ಚರ್ಚಿನ ದಂಪತಿ. ಬೆಟ್ಟದ ಮೇಲಿನ ಒಂದು ಮಿಷನ್ ಹಾಸ್ಟೆಲಿಗೆ ಸೇರಿಸಿದರು. ಹೋಗುವಾಗ ಲ್ಹಾಮೊ, ಬರುವಾಗ ರೂತ್. ಹೊಸವರ್ಷದ ದಿನ ಮನೆಯ ಬುದ್ಧನ ಮುಂದೆ ಎಲ್ಲರೂ ಅಡ್ಡಬಿದ್ದರೆ ಅವಳು ನಿಂತೇ ಇದ್ದಳಂತೆ. ಅಪ್ಪ ಅವತ್ತು ಮಾತು ಬಿಟ್ಟವನು ಸಾಯುವವರೆಗೂ ಆಡಲಿಲ್ಲ. ಲ್ಹಾಮೊ ಚರ್ಚಿನ ಸಹಾಯದಿಂದಲೇ ಕೆನಡಾಕ್ಕೆ ಬಂದು ರಿಚ್ಮಂಡ್ ಹಿಲ್‌ನಲ್ಲಿ ಮನೆ ಮಾಡಿದಳು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಅಕ್ಕನನ್ನೂ ಕರೆಸುತ್ತೇನೆ ಎಂದಳು. ಪೇಮಾ ಆ ಸಹಾಯವನ್ನು ಮುಟ್ಟಲಿಲ್ಲ. ಅಮೆರಿಕದ ದಾರಿ ಹಿಡಿದು, ಬಫಲೋ ಕಡೆಯಿಂದ ಗಡಿ ದಾಟಿ, ನಿರಾಶ್ರಿತಳೆಂದು ಅರ್ಜಿ ಹಾಕಿ, ತನ್ನ ಕಾಲ ಮೇಲೆ ನಿಂತು ಅವ್ವನನ್ನು ಕರೆಸಿಕೊಂಡಳು.

ಇನ್ನು ನನ್ನ ವಿಷಯ. ಉಡುಪಿ ಕಡೆಯವಳು, ಹೆಸರು ನೀರಜಾ ಕೋಟ್ಯಾನ್. ಏರ್‌ಪೋರ್ಟಿನ ಕೇಟರಿಂಗ್ ಕಿಚನ್ನಿನಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ನಮ್ಮವರು ಬಾಸೆಲ್ ಮಿಷನ್ನಿನ ಪಾದ್ರಿಗಳ ಕಾಲದಲ್ಲಿ ಕ್ರೈಸ್ತರಾದವರು. ಶಾಲೆ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲ ಪಾದ್ರಿಗಳದ್ದೇ. ಮುತ್ತಜ್ಜನ ಅಪ್ಪ ಮಿಷನ್ನಿನ ಮಗ್ಗದಲ್ಲಿ ಕೂತವನು. ದೇವರನ್ನು ಬದಲಿಸಿದ ನಮ್ಮ ಹಿರಿಯರು ಕುಲನಾಮ ಬಿಡಲಿಲ್ಲ, ಹೆಣ್ಣುಮಕ್ಕಳಿಗೆ ಊರ ರೂಢಿಯ ಹೆಸರು ಇಡುವುದನ್ನೂ ಬಿಡಲಿಲ್ಲ. ಹಾಗಾಗಿ ಹೆಸರು ಕೇಳಿದವರೆಲ್ಲ ನನ್ನನ್ನು ಹಿಂದೂ ಎಂದುಕೊಳ್ಳುತ್ತಾರೆ. ಪೇಮಾಳೂ ಹಾಗೆಯೇ ಅಂದುಕೊಂಡಳು. ಭಾನುವಾರ ನಾನು ಸೀರೆಯುಟ್ಟು ಚರ್ಚಿಗೆ ಹೊರಡುವ ಹೊತ್ತಿಗೆ ಅವಳು ಶಿಫ್ಟಿನಲ್ಲಿರುತ್ತಿದ್ದಳು. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ, ಹೇಳಲಿಲ್ಲ. ಬಾಡಿಗೆದಾರರನ್ನು ಕೂರಿಸಿಕೊಂಡು ನನ್ನ ವಂಶಾವಳಿ ಒಪ್ಪಿಸಲು ನನಗೇನು ಬೇರೆ ಕೆಲಸವಿಲ್ಲವೇ?

ಕಳೆದ ಚಳಿಗಾಲದಲ್ಲಿ ಯಾಂಗ್‌ಚೆನ್ ಅಜ್ಜಿ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಕಳಿಸಿಕೊಟ್ಟರು. ಆ ದಿನ ಪೇಮಾ ಮೊದಲ ಬಾರಿಗೆ ತಾನಾಗಿ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೆ ಬಂದಳು.

"ಅಕ್ಕಾರ, ನಮ್ಮೊಳಗ ಸಾಯೋ ಹೊತ್ತಿನ ಮನಸ್ಸು ಭಾಳ ದೊಡ್ಡದು. ಆವಾಗ ಕಿವ್ಯಾಗ ಏನ್ ಬೀಳ್ತೈತಿ, ಅದನ್ನ ಹಿಡ್ಕೊಂಡು ಮನಸ್ಸು ಮುಂದಿನ ಜನ್ಮಕ್ಕ ಹೋಗ್ತೈತಿ. ಬುದ್ಧನ ಹೆಸರ ಬೀಳಬೇಕು. ಇಲ್ಲಂದ್ರ ಸುಮ್ಮನರ ಇರಬೇಕು. ಗೊಂದಲ ಆಗಬಾರ್ದು."

"ಆಗ್ಲಿ. ಗೊಂದಲ ಯಾರು ಮಾಡ್ತಾರೆ?"

"ಲ್ಹಾಮೊ ಬರ್ತಾಳ. ಬರಬ್ಯಾಡ ಅನ್ನಾಕ ಆಗಂಗಿಲ್ಲ, ಅಕೀಗೂ ಅವ್ವ. ಆದ್ರ ಅವ್ವನ ಕಿವ್ಯಾಗ ಯೇಸುನ ಹೆಸರ ಹೇಳಾಕ ಅಕಿ ಹೊಂಚ ಹಾಕಿರ್ತಾಳ. ನಾ ಶಿಫ್ಟಿಗೆ ಹೋದಾಗ ನೀವು ಕುಂದರ್ರಿ. ನೀವು ಹಿಂದೂ ಮಂದಿ, ನಿಮಗ ಎರಡೂ ಕಡೆದ್ದು ಹಂಗಿಲ್ಲ."

ಆ ಮಾತಿಗೆ ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಹೇಳಿದ್ದರೆ ಆ ಸ್ಥಿತಿಯಲ್ಲೇ ಅವ್ವನನ್ನು ಹೊತ್ತುಕೊಂಡು ಬೇರೆ ಮನೆ ಹುಡುಕುವ ಪೈಕಿ ಅವಳು. ಕೂರುತ್ತೇನೆ ಎಂದೆ.

"ಇನ್ನೊಂದು. ಅಕಿ ಟಿಬೆಟಿಯೊಳಗ ಪಿಸುಗುಟ್ಟಿದ್ರ ನಿಮಗ ತಿಳಿಯಂಗಿಲ್ಲ. ಅದಕ್ಕ ಆ ಖೋಲಿಯೊಳಗ ಕನ್ನಡ ಬಿಟ್ಟು ಬ್ಯಾರೆ ಮಾತಾಡಬಾರ್ದು ಅಂತ ಅಕೀಗೆ ಹೇಳಿಬಿಟ್ಟೇನಿ."

ಹೀಗೆ ರೆಕ್ಸ್‌ಡೇಲಿನ ಬೇಸ್‌ಮೆಂಟಿನಲ್ಲಿ, ಸಾಯುತ್ತಿರುವ ಟಿಬೆಟಿ ತಾಯಿಯ ಪಕ್ಕದಲ್ಲಿ, ಟಿಬೆಟಿ ಹೆಣ್ಣುಮಕ್ಕಳು ಕನ್ನಡದಲ್ಲಿ ಮಾತಾಡತೊಡಗಿದರು. ಮನೆಯೊಡತಿ ತುಳುವಿನವಳಿಗೆ ಅರ್ಥವಾಗಲೆಂದು. ನಗಬೇಕೆನ್ನಿಸಿತು, ಆದರೆ ಪೇಮಾಳ ಮುಖ ನೋಡಿದರೆ ನಗು ಬರುತ್ತಿರಲಿಲ್ಲ. ಹೊರಡುವ ಮೊದಲು ಅವಳು ದಿಂಬಿನ ಪಕ್ಕ ಮಂತ್ರ ಹಾಡುವ ಪುಟ್ಟ ಯಂತ್ರ ಇಟ್ಟು, ಕೊನೆ ಹೊತ್ತಿನಲ್ಲಿ ಯಾರೂ ಅವ್ವನ ಕಾಲು ಮುಟ್ಟಬಾರದು, ಮುಟ್ಟುವುದಾದರೆ ನೆತ್ತಿ ಮಾತ್ರ, ಪ್ರಾಣ ಮೇಲಿಂದ ಹೋಗಬೇಕು ಎಂದು ದಿನಾ ಹೇಳುತ್ತಿದ್ದಳು.

ಲ್ಹಾಮೊ ಮಧ್ಯಾಹ್ನಗಳಲ್ಲಿ ಬರುತ್ತಿದ್ದಳು. ಕತ್ತರಿಸಿದ ಕೂದಲು, ಮೆತ್ತನೆಯ ಮಾತು. ಆ ಮೆತ್ತನೆಯೇ ನನಗೆ ಸರಿಬರಲಿಲ್ಲ. ಅವಳು ಬ್ಯಾಗಿಗೆ ಕೈ ಹಾಕಿದರೆ ನನ್ನ ಕಣ್ಣು ಬ್ಯಾಗಿನ ಮೇಲೆ, ಅವ್ವನ ಕಡೆ ಬಗ್ಗಿದರೆ ನನ್ನ ಕಣ್ಣು ಅವಳ ತುಟಿಯ ಮೇಲೆ. ಬ್ಯಾಗಿನಿಂದ ಹೊರಬರುತ್ತಿದ್ದದ್ದು ಕೈಗೆ ಹಚ್ಚುವ ಕ್ರೀಮು. ಬರಬರುತ್ತ ಪೇಮಾಳ ಚಾಳಿ ನನಗೂ ಅಂಟಿಕೊಂಡಿತ್ತು.

ಆಮೇಲೊಂದು ದಿನ ಚಹಾ ತಂದು ಕೂತು, ಕುಡಿಯುವ ಮೊದಲು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕರ್ತನನ್ನು ನೆನೆದೆ. ತೆರೆದಾಗ ಲ್ಹಾಮೊ ನನ್ನನ್ನೇ ನೋಡುತ್ತಿದ್ದಳು.

"ಯಾವ ಚರ್ಚಿಗೆ ಹೋಗ್ತೀರಿ ಅಕ್ಕಾ?"

ನಾನು ಲೋಟ ಕೆಳಗಿಟ್ಟೆ.

"ಪೇಮಕ್ಕಗ ಗೊತ್ತಿಲ್ಲಲ್ಲ? ನಾ ಹೇಳಂಗಿಲ್ಲ. ಒಂದೈದು ನಿಮಿಷ ನನ್ನ ಅವ್ವನ ಕೂಡ ಬಿಟ್ಟು ಮ್ಯಾಲ ಹೋಗ್ರಿ. ಅಷ್ಟ."

ಎಂಥ ವ್ಯಾಪಾರ! ನನ್ನ ಗುಟ್ಟಿಗೆ ಅವ್ವನ ಕಿವಿ. ಮೈಯೆಲ್ಲ ಉರಿಯಿತು.

"ನಿನ್ನಕ್ಕನಿಗೆ ಹೋಗಿ ಹೇಳು ಬೇಕಾದ್ರೆ. ನಾನಿಲ್ಲಿಂದ ಏಳುವುದಿಲ್ಲ."

ಅವಳು ಸಿಟ್ಟಾಗಲಿಲ್ಲ. ಕಣ್ಣು ತುಂಬಿಕೊಂಡು, "ಅವ್ವ ಹಿಂಗ ಹೋದ್ರ ಎಲ್ಲಿಗೆ ಹೋಗ್ತಾಳ ಅಂತ ನನಗ ಹಾಸ್ಟೆಲಿನ್ಯಾಗ ಕಲಿಸ್ಯಾರ ಅಕ್ಕಾ. ನಿಮಗೂ ಕಲಿಸಿರ್ತಾರ. ನಿಮಗ ಹೆದರಿಕಿ ಆಗಂಗಿಲ್ಲೇನು?" ಎಂದಳು. ಕಲಿಸಿದ್ದರು. ಸಂಡೇ ಸ್ಕೂಲಿನಲ್ಲಿ ಆ ಬೆಂಕಿಯ ಚಿತ್ರವನ್ನು ನಾನೂ ನೋಡಿದ್ದೆ. ಅಂಥ ಹೆದರಿಕೆಯಿದ್ದವಳು ಎಂದಾದರೂ ಬಾಯಿ ಬಿಟ್ಟೇ ಬಿಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಅವತ್ತಿನಿಂದ ನಾನು ಕುರ್ಚಿಯನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಅಜ್ಜಿಗೆ ಒಂದು ಹೊಸ ಅವಸ್ಥೆ ಶುರುವಾಗಿತ್ತು. ಸುತ್ತ ಕನ್ನಡ ಕೇಳಿ ಕೇಳಿ, ತಾನು ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಕೂತಿದ್ದೇನೆ, ಗಿರಾಕಿಗಳು ಬಂದಿದ್ದಾರೆ ಎಂದುಕೊಂಡುಬಿಟ್ಟಿದ್ದರು. ಹೊದಿಕೆಯ ಅಂಚು ಎತ್ತಿ ತೋರಿಸಿ, "ಬಣ್ಣ ಹೋಗಂಗಿಲ್ರಿ" ಎನ್ನುವರು. ಪೇಮಾಗೆ ಅದು ಕೇಳಿದರೆ ಎದೆ ಒಡೆಯುತ್ತಿತ್ತು. ಕನ್ನಡದ ಕಟ್ಟಳೆ ಮಾಡಿದವಳು ತಾನೇ ಅಲ್ಲವೇ? ಆದರೂ ಅದನ್ನು ಸಡಿಲಿಸಲಿಲ್ಲ, ತಂಗಿಯ ಮೇಲೆ ಅಷ್ಟು ಅನುಮಾನ.

ಕೊನೆಯ ದಿನ ಮಧ್ಯಾಹ್ನ ಹಿಮ ಬೀಳುತ್ತಿತ್ತು. ಅಜ್ಜಿಯ ಉಸಿರು ಬದಲಾಯಿತು. ಪೇಮಾಗೆ ಫೋನ್ ಮಾಡಿದೆ. ಹೊರಟಿದ್ದೇನೆ, ಬಸ್ಸು ಆಮೆಯ ಹಾಗೆ ಹೋಗುತ್ತಿದೆ ಎಂದು ಅಳುವ ದನಿಯಲ್ಲಿ ಹೇಳಿದಳು. ಲ್ಹಾಮೊ ಮಂಡಿಯೂರಿ ಅವ್ವನ ಮುಖದ ಹತ್ತಿರ ಬಗ್ಗಿದಳು. ಈಗ, ಈಗ ಹೇಳುತ್ತಾಳೆ ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ. ಎದ್ದು ಏನು ಮಾಡುವವಳಿದ್ದೆ? ಬಾಯಿ ಮುಚ್ಚುವವಳಿದ್ದೆನೇ? ಗೊತ್ತಿಲ್ಲ.

ಅಜ್ಜಿ ಕಣ್ಣು ತೆರೆದು ಮಗಳನ್ನು ಗಿರಾಕಿಯೆಂದೇ ನೋಡಿದರು.

"ಥಂಡಿ ಭಾಳ ಐತಿ. ತಗೋತಿಯೇನ್ ಬೇ?"

ಲ್ಹಾಮೊಳ ದವಡೆ ಬಿಗಿಯಿತು. ಕುತ್ತಿಗೆಯ ನರ ಉಬ್ಬಿತು. ಆಮೇಲೆ ಅವ್ವನ ನೆತ್ತಿಯ ಮೇಲೆ ಕೈಯಿಟ್ಟು ಹೇಳಿದಳು.

"ತಗೋತೇನಿ ಬೇ. ಭಾಳ ಚೊಲೋ ಐತಿ."

ಅಜ್ಜಿ ಸಮಾಧಾನದಿಂದ ಕಣ್ಣು ಮುಚ್ಚಿದರು. ಆಮೇಲೆ ಆ ಕೋಣೆಯಲ್ಲಿ ಮಂತ್ರದ ಯಂತ್ರದ ದನಿ ಬಿಟ್ಟರೆ ಬೇರೆ ದನಿಯಿರಲಿಲ್ಲ. ಪೇಮಾ ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಅಳಲಿಲ್ಲ, ಕಣ್ಣೀರು ಸತ್ತವರ ದಾರಿಯಲ್ಲಿ ಆಲಿಕಲ್ಲಾಗಿ ಬೀಳುತ್ತದೆಂದು ಅವರ ನಂಬಿಕೆ. ಲಾಮಾರಿಗೆ ಫೋನ್ ಮಾಡಿದಳು. ಲ್ಹಾಮೊ ಹೊರಟುಹೋದ ಮೇಲೆ ನನ್ನನ್ನು ಮೂಲೆಗೆ ಕರೆದು, ತಂಗಿ ಏನು ಹೇಳಿದಳೆಂದು ಕೇಳಿದಳು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಷ್ಟೇನಾ ಎಂದಳು. ಅಷ್ಟೇ ಎಂದೆ. ಅವಳ ಮುಖದ ಬಿಗಿ ಸಡಿಲಿದ್ದನ್ನು ಆವತ್ತೇ ನಾನು ಮೊದಲು ನೋಡಿದ್ದು.

ಅದು ಉಳಿಯಲಿಲ್ಲ. ಮನೆಯಲ್ಲಿ ಸಾವಾಗಿದೆಯೆಂದು ತಿಳಿದು ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹೆಂಗಸರು ಅದೇ ವಾರ ಪಲಾವು ಹಿಡಿದುಕೊಂಡು ಬಂದರು. ಬಂದವರು ಬಡಿಸಿ ಹೋಗಬಾರದೇ? ಹಾಲಿನ ಮಧ್ಯೆ ಕೈಕೈ ಹಿಡಿದು ನಿಂತು, ಅವರಲ್ಲಿ ಗಂಟಲು ದೊಡ್ಡದಿದ್ದ ಸೌಮ್ಯಾ ಶುರುಮಾಡಿದಳು: "ಕರ್ತನೇ, ಈ ಮನೆಯಲ್ಲಿ ಅಗಲಿದ ಆತ್ಮವನ್ನು ನಿನ್ನ ಮಡಿಲಿಗೆ ಸೇರಿಸಿಕೋ. ನಿನ್ನ ಮಗಳಾದ ನೀರಜಾಳ ಸಾಕ್ಷಿಯನ್ನು ಆಶೀರ್ವದಿಸು." ಇಲ್ಲಿಯ ಮನೆಗಳಲ್ಲಿ ಬಿಸಿಗಾಳಿಯ ಕೊಳವೆಯೊಂದು ಮೇಲಿಂದ ಕೆಳಗಿನವರೆಗೆ ಹಾದಿರುತ್ತದೆ. ಮೇಲೆ ಆಡಿದ್ದು ಬೇಸ್‌ಮೆಂಟಿನಲ್ಲಿ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಅದೂ ಕನ್ನಡದಲ್ಲಿ.

ಅವರು ಹೋದ ಮೇಲೆ ಪೇಮಾ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು.

"ನೀವೂ ಅವರ ಪೈಕಿನೇ."

"ಹೌದು. ಐದು ತಲೆಮಾರಿಂದ."

"ಇಬ್ರೂ ಕೂಡಿ ಮಾಡೀರಿ. ಸ್ವೆಟರು ಗಿವೆಟರು ಅಂತ ನನ್ನ ಮುಂದ ಕಥಿ ಕಟ್ಟೀರಿ. ನಮ್ಮವ್ವನ ಕಿವ್ಯಾಗ ಏನ್ ಹೇಳಿದ್ರಿ?"

"ಒಂದು ಶಬ್ದ ಹೇಳ್ಲಿಲ್ಲ ಮಾರಾಯ್ತಿ. ನಾನು ಅಲ್ಲೇ ಕೂತಿದ್ದೆ."

"ನೀವು ಕುಂತಿದ್ರಿ ಅಂತನ ನನಗ ಹೆದರಿಕಿ!" ಎಂದಳು. "ಸತ್ತವರ ಮನಸ್ಸಿಗೆ ದಾರಿ ತೋರಸಾಕ ಲಾಮಾರು ಅವ್ವಗ ದಿನಾ ಗ್ರಂಥ ಓದಾಕತ್ತಾರ. ಮನಸ್ಸು ಎಲ್ಲಿ ಸಿಗಬಿದ್ದೈತಿ ಅಂತ ಗೊತ್ತಿಲ್ಲಂದ್ರ ಯಾವ ದಾರಿ ತೋರಸಬೇಕು? ನನಗ ಖರೇ ಬೇಕ್ರಿ. ಕೆಟ್ಟದ್ದಾದ್ರೂ ಖರೇ ಬೇಕು."

"ಬೈಬಲ್ ಮುಟ್ಟಿ ಹೇಳ್ತೇನೆ."

"ಅದು ನಿಮ್ಮನ್ನ ಕ್ಷಮಾ ಮಾಡ್ತೈತಿ. ಲ್ಹಾಮೊ ದಿನಾ ಹೇಳ್ತಿದ್ಲು, ಏನ್ ಮಾಡಿದ್ರೂ ಕ್ಷಮಾ ಐತಿ ಅಂತ. ಕ್ಷಮಾ ಮಾಡದ್ದರ ಮ್ಯಾಲ ಆಣಿ ಮಾಡ್ರಿ."

ಕ್ಷಮಿಸದ ದೈವವೊಂದು ನಮಗೂ ಇತ್ತು. ಮಗ್ಗದಲ್ಲಿ ಕೂತ ಆ ಹಿರಿಯ ಅದಕ್ಕೂ ಮೊದಲು ಜುಮಾದಿ ದೈವದ ಪಾತ್ರಿಯಾಗಿದ್ದವನು. ಮೈಮೇಲೆ ದೈವ ಬಂದಾಗ ಅವನ ಬಾಯಿಂದ ಬಿದ್ದ ಮಾತಿಗೆ ಊರು ನಡುಗುತ್ತಿತ್ತಂತೆ. ಹೊಸ ನಂಬಿಕೆಗೆ ಗುರುತು ಬೇಕೆಂದು ಪಾದ್ರಿ ದೈವದ ಕತ್ತಿ, ಕಾಲಿಗೆ ಕಟ್ಟುವ ಗಗ್ಗರ ಎಲ್ಲವನ್ನೂ ಕೇಳಿ ಪಡೆದು ಹಡಗು ಹತ್ತಿಸಿ ತನ್ನ ದೇಶಕ್ಕೆ ಕಳಿಸಿದ. ಸಾಮಾನು ಹೋಯಿತು, ಹೆದರಿಕೆ ಹೋಗಲಿಲ್ಲ. ನನ್ನ ಅಜ್ಜಿ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದವಳು, ಆದರೆ ಮನೆಯಲ್ಲಿ ಯಾರಿಗೂ ಆ ಹೆಸರು ಎತ್ತಲು ಬಿಡುತ್ತಿರಲಿಲ್ಲ. ಯೇಸು ತಾಳಿಕೊಳ್ಳುತ್ತಾನೆ, ಅದು ತಾಳುವುದಿಲ್ಲ ಎನ್ನುತ್ತಿದ್ದಳು. ನಾನು ಹುಟ್ಟಿದಂದಿನಿಂದ ಆ ಹೆಸರಿನಲ್ಲಿ ಆಣೆ ಮಾಡಿದವಳಲ್ಲ, ತಮಾಷೆಗೂ ಅಲ್ಲ.

ಎಲ್ಲವನ್ನೂ ಪೇಮಾಗೆ ಹೇಳಿದೆ. ಆ ಹೆಸರಿನಲ್ಲಿ ಆಣೆ ಮಾಡುವುದು ಕ್ರಿಸ್ತನ ಮುಂದೆ ಪಾಪ ಎಂಬುದು ಗೊತ್ತಿತ್ತು. ಹೇಳಿ ಮುಗಿಸಿ ಎದ್ದು ನಿಂತೆ.

"ಜುಮಾದಿಯ ಆಣೆ. ಲ್ಹಾಮೊಳ ಬಾಯಿಂದ ಬಂದದ್ದು ನಾನು ಹೇಳಿದ ಮಾತು ಮಾತ್ರ. ಸುಳ್ಳಾದ್ರೆ ಅದು ನನ್ನನ್ನು ನೋಡಿಕೊಳ್ಳಲಿ."

ಪೇಮಾ ನನ್ನ ಮುಖವನ್ನೇ ನೋಡಿದಳು. ಮೈಮೇಲೆ ಬರುವ ದೇವತೆಗಳು ಅವರ ಮಠಗಳಲ್ಲೂ ಇದ್ದಾರೆ, ಅಂಥವರ ಹೆಸರಿನಲ್ಲಿ ಯಾರೂ ಹುಡುಗಾಟ ಆಡುವುದಿಲ್ಲ. ಅವಳು ನಂಬಿದಳು, ಅದು ಮುಖದಲ್ಲೇ ಕಾಣಿಸಿತು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಅವಳ ಕಣ್ಣು ಕಿರಿದಾಯಿತು.

"ಬಾಯಿಲೆ ಅಂದಿಲ್ಲ, ಸರಿ. ಮನಸ್ನ್ಯಾಗ ಏನ್ ಅಂದ್ಲು?"

"ಅದು ನನಗೆ ಹೇಗೆ ಗೊತ್ತಾಗ್ತದೆ? ಅವಳನ್ನೇ ಕೇಳು!"

ನಾನು ಸಿಟ್ಟಿಗೆ ಅಂದದ್ದು. ಅವಳು ಫೋನ್ ತೆಗೆದು ನಿಜವಾಗಿಯೂ ಕೇಳಿದಳು, ನನಗೂ ಕೇಳಲೆಂದು ಸ್ಪೀಕರ್ ಹಾಕಿ, ಕನ್ನಡದಲ್ಲೇ.

"ಅಂದೆ," ಎಂದಳು ಲ್ಹಾಮೊ. "ಸುಳ್ಳ ಯಾಕ ಹೇಳ್ಲಿ. ಯೇಸುನ ಹೆಸರ ನಾಲಗಿ ಮ್ಯಾಲಿತ್ತು. ಅವ್ವಗ ಕೇಳಿಸಬಾರ್ದು ಅಂತ ಹಲ್ಲು ಕಚ್ಚಿ ಕುಂತೆ. ಅಂದಿದ್ರ ಮುಂದ ಸ್ವರ್ಗದಾಗ ನನಗ ಅವ್ವ ಸಿಗ್ತಿದ್ಲು. ಈಗ ಸಿಗಂಗಿಲ್ಲ ಅಕ್ಕಾ. ಮುಂದಿನ ಜನ್ಮದಾಗ ನಿನಗ ಸಿಗ್ತಾಳೇನೋ. ನಿನಗರ ಸಿಗ್ಲಿ ಅಂತ ಬಾಯಿ ಬಿಡ್ಲಿಲ್ಲ."

ಆ ಹುಡುಗಿಯ ಬ್ಯಾಗನ್ನು ಎಷ್ಟು ದಿನ ಕಾದಿದ್ದೆವು ನಾವು!

ಪೇಮಾ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅಳು ತಡೆದುಕೊಂಡಳು. ಆಮೇಲೆ ಟಿಬೆಟಿಯಲ್ಲಿ ಏನೋ ಹೇಳಿದಳು, ಆ ಕಡೆಯಿಂದಲೂ ಟಿಬೆಟಿಯಲ್ಲೇ ಉತ್ತರ ಬಂತು. ಮಾತು ನಿಲ್ಲದೆ ಮುಂದುವರಿಯಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ, ತಿಳಿಯಬೇಕೆಂದು ಅವರಿಬ್ಬರಿಗೂ ಅನ್ನಿಸಲಿಲ್ಲ.